ಏಳು ಬೆಂಕಿಗೆ ಒಂದು ಗೆರೆ

ಹೆಣ ಸಿಕ್ಕಿದ್ದು ಬೆಂಕಿ ಪೂರ್ತಿ ಆರಿದ ಮೇಲೆ.

ದಾವಣಗೆರೆಯ ಆ ನೂಲಿನ ಗಿರಣಿಯ ಹತ್ತಿ ಗೋದಾಮು ಹಿಂದಿನ ಸಂಜೆ ಹೊತ್ತಿಕೊಂಡಿತ್ತು. ಬೆಳಿಗ್ಗೆ ಹಮಾಲರು ಒದ್ದೆ ಬೂದಿಯನ್ನು ಹೊರಗೆ ಎಳೆದು ಹಾಕುತ್ತಿದ್ದರು. ಬಾಗಿಲಿನ ಒಳಬದಿಯಲ್ಲಿ, ಬಿಗಿದು ಕಟ್ಟಿದ ಹತ್ತಿ ಮೂಟೆಗಳ, ಕುಸಿದು ಬಿದ್ದ ಬೇಲುಗಳ ಅಡಿಯಲ್ಲಿ ಒಂದು ಕೈ ಕಂಡಿತು. ಗೋದಾಮಿನ ಕಾವಲುಗಾರ ಅಜ್ಜಯ್ಯನ ಕೈ.

ಸರ್ಕಲ್ ಇನ್ಸ್‌ಪೆಕ್ಟರ್ ವಾಮದೇವಪ್ಪ ಮಂಡಿಯೂರಿ ಕೂತು ನೋಡಿದ. ಹೆಣದ ತಲೆ ಬಾಗಿಲ ಕಡೆಗಿತ್ತು. ಎರಡೂ ಮುಷ್ಟಿ ಬಿಗಿದಿದ್ದವು. ಎದೆಯ ಕೆಳಗೆ ಒಂದು ಕಬ್ಬಿಣದ ಕೊಕ್ಕೆ ಸಿಕ್ಕಿತು. ಹಮಾಲರು ಹತ್ತಿ ಬೇಲನ್ನು ಎಳೆಯಲು ಬಳಸುವ ಕೊಕ್ಕೆ. ಕಾವಲುಗಾರನಿಗೆ ಅದರಿಂದ ಏನು ಕೆಲಸ? ವಾಮದೇವಪ್ಪ ಅದನ್ನು ಗೋಣಿಯಲ್ಲಿ ಸುತ್ತಿಸಿದ. ಈ ವಿಷಯ ಹೊರಗೆ ಹೋದರೆ ಚರ್ಮ ಸುಲಿಯುತ್ತೇನೆ ಎಂದು ಇಬ್ಬರು ಪಂಚರಿಗೂ ಹೇಳಿದ.

ಆಮೇಲೆ ಬೆಂಕಿ ಆರಿಸಿದವರನ್ನು ಕರೆಸಿದ. ನೀವು ಬಂದಾಗ ಬಾಗಿಲು ಹೇಗಿತ್ತು ಎಂದು ಕೇಳಿದ.

‘ಹೊರಗಿನ ಚಿಲಕ ಹಾಕಿತ್ತು ಸಾರ್. ನಾವೇ ತೆಗೆದ್ವಿ.’

ಒಳಗೆ ಮನುಷ್ಯ. ಹೊರಗೆ ಚಿಲಕ. ಇದು ಬರಿ ಬೆಂಕಿ ಅನಾಹುತ ಅಲ್ಲ. ಕೊಲೆ.

* * *

ಗಿರಣಿಯ ಸಾಹುಕಾರ ಕೆಂಚವೀರಪ್ಪನವರು ಕೊಲೆಗಾರನನ್ನು ಆಗಲೇ ಹಿಡಿದಾಗಿತ್ತು. ಕಾಗದದ ಮೇಲೆ.

ಅವರ ಮೇಜಿನ ಮೇಲೆ ಒಂದು ಗ್ರಾಫ್ ಹಾಳೆ ಹರಡಿತ್ತು. ಪಕ್ಕದಲ್ಲಿ ನಿಂತಿದ್ದವನು ನೂಲು ಪರೀಕ್ಷಾ ಕೊಠಡಿಯ ಮುಖ್ಯಸ್ಥ ಕರಿಬಸವರಾಜ. ಬೊಂಬಾಯಿಯಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದವನು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಾತಿಗೆ ಮುಂಚೆ ಒಮ್ಮೆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ.

ಎರಡು ವರ್ಷದಲ್ಲಿ ಗೋದಾಮಿಗೆ ಬೆಂಕಿ ಬಿದ್ದಿದ್ದು ಇದು ಏಳನೇ ಸಲ. ಮೊದಲಿನ ಆರು ಚಿಕ್ಕವು. ಯಾರೋ ಬೀಡಿ ಸೇದಿ ಎಸೆದಿರಬೇಕೆಂದು ಬಿಟ್ಟಿದ್ದರು. ಕರಿಬಸವರಾಜ ಆ ಏಳು ಬೆಂಕಿಗಳಲ್ಲಿ ಎಷ್ಟೆಷ್ಟು ಹತ್ತಿ ಸುಟ್ಟಿತು ಎಂದು ಹಾಳೆಯ ಅಂಚಿನಲ್ಲಿ ತಾರೀಖಿನ ಸಮೇತ ಬರೆದಿದ್ದ. ಅದಕ್ಕೆ ಐದು ಕಾರಣ ಜೋಡಿಸಿದ್ದ. ಬಿಸಿಲು, ಗಾಳಿಯ ತೇವ, ಗಾಳಿಯ ವೇಗ, ಗೋದಾಮಿನಲ್ಲಿದ್ದ ದಾಸ್ತಾನು, ಆ ವಾರ ಹಯಾತ್ ಸಾಬನ ಲಾರಿ ತಂದ ಲೋಡುಗಳು. ಇದಕ್ಕೆ ರಿಗ್ರೆಷನ್ ಅಂತಾರೆ ಎಂದು ವಿವರಿಸಿದ. ಲೆಕ್ಕದಿಂದ ಬಂದ ಗೆರೆ ಏಳೂ ಚುಕ್ಕಿಗಳನ್ನು ಹೆಚ್ಚುಕಡಿಮೆ ಮುಟ್ಟಿಕೊಂಡೇ ಹೋಗಿತ್ತು. ಹೊಂದಿಕೆ ನೂರಕ್ಕೆ ತೊಂಬತ್ತೇಳು. ಐದು ಕಾರಣಗಳಲ್ಲಿ ದೊಡ್ಡ ಅಂಕಿ ಲಾರಿಯದು.

‘ತೊಂಬತ್ತೇಳು ಪರ್ಸೆಂಟ್ ಸಾಹೇಬ್ರೆ,’ ಎಂದರು ಕೆಂಚವೀರಪ್ಪ. ‘ಇನ್ನೇನು ಬೇಕು ನಿಮಗ?’

ಹಯಾತ್ ಸಾಬ್ ಹರಿಹರದಲ್ಲಿ ಹತ್ತಿ ಒತ್ತಿ ಬೇಲು ಕಟ್ಟುವ ಪ್ರೆಸ್ಸುಗಳಿಂದ ಗಿರಣಿಗೆ ಬೇಲು ಸಾಗಿಸುವವನು. ಸ್ವಂತದ್ದು ಒಂದೇ ಲಾರಿ. ಬೆಂಕಿ ಬಿದ್ದ ದಿನ ಬೆಳಿಗ್ಗೆ ಲೋಡು ಇಳಿಸುವ ವಿಷಯಕ್ಕೆ ಅವನಿಗೂ ಅಜ್ಜಯ್ಯನಿಗೂ ಗೇಟಿನಲ್ಲಿ ಜೋರು ಮಾತಾಗಿತ್ತು. ಅದನ್ನು ಇಡೀ ಗಿರಣಿಯೇ ಕೇಳಿತ್ತು.

ಈ ಗಿರಣಿಯ ಬಾಡಿಗೆಯಿಂದಲೇ ಬದುಕುವವನು ಇದೇ ಗಿರಣಿಗೆ ಏಕೆ ಬೆಂಕಿ ಇಡುತ್ತಾನೆ ಎಂದು ವಾಮದೇವಪ್ಪ ಕೇಳಿದ. ಅಂಕಿಗಳು ಏಕೆ ಅಂತ ಕೇಳಲ್ಲ ಸಾರ್ ಎಂದು ಕರಿಬಸವರಾಜ ನಕ್ಕ. ಆ ನಗು ವಾಮದೇವಪ್ಪನ ನೆತ್ತಿಗೇರಿತು. ಏನು ಮಾಡುವುದು, ಅವನಿಗೆ ಆ ಹಾಳೆ ಒಂದಕ್ಷರ ಅರ್ಥವಾಗಿರಲಿಲ್ಲ.

ಮಧ್ಯಾಹ್ನ ಚಿತ್ರದುರ್ಗದಿಂದ ಎಸ್.ಪಿ. ಸಾಹೇಬರ ಫೋನು ಬಂತು. ಸಾಹುಕಾರರು ಅವರಿಗೂ ತೊಂಬತ್ತೇಳು ಹೇಳಿಯಾಗಿತ್ತು. ತಮ್ಮ ಇಡೀ ಸರ್ವೀಸಿನಲ್ಲಿ ಇಷ್ಟು ಗಟ್ಟಿ ಸಾಕ್ಷಿ ನೋಡಿಲ್ಲ, ಇನ್ನೂ ಯಾಕೆ ಮೀನಮೇಷ ಎಣಿಸುತ್ತೀರಿ ಎಂದು ಬೈದರು. ಸಂಜೆಗೆ ಹಯಾತ್ ಸಾಬ್ ಲಾಕಪ್ಪಿನಲ್ಲಿದ್ದ.

* * *

ಹಯಾತ್ ಸಾಬ್ ಅಳಲಿಲ್ಲ, ಕೂಗಾಡಲಿಲ್ಲ. ಒಂದೇ ಮಾತು ಹೇಳಿದ. ಬೆಂಕಿ ಬಿದ್ದ ಹೊತ್ತಿಗೆ ತನ್ನ ಲಾರಿ ಹರಿಹರದಲ್ಲಿ ಅಲ್ಲಾಬಕ್ಷ್‌ನ ಕುಲುಮೆ ಮುಂದೆ ನಿಂತಿತ್ತು. ಸ್ಪ್ರಿಂಗ್ ಪಟ್ಟಿ ಮುರಿದಿತ್ತು. ತಾನೂ ಅಲ್ಲೇ ಇದ್ದೆ ಎಂದ.

ವಾಮದೇವಪ್ಪ ಹರಿಹರಕ್ಕೆ ಹೋದ. ಅಲ್ಲಾಬಕ್ಷ್ ಹೌದು ಎಂದ. ವಾಮದೇವಪ್ಪ ಖುಷಿಯಾಗಿ ಬಂದು ಎಸ್.ಪಿ. ಅವರಿಗೆ ಫೋನು ಮಾಡಿದ. ಅಲ್ಲಾಬಕ್ಷ್ ಹಯಾತ್ ಸಾಬನ ಹೆಂಡತಿಯ ತಮ್ಮ ಅನ್ನೋದು ನಿಮಗೆ ಗೊತ್ತೇನ್ರಿ ಎಂದು ಅವರು ಕೇಳಿದರು. ವಾಮದೇವಪ್ಪನಿಗೆ ಗೊತ್ತಿರಲಿಲ್ಲ. ಫೋನು ಇಟ್ಟು ಮೇಜಿಗೆ ಗುದ್ದಿದ. ಮಸಿ ಕುಡಿಕೆ ಉರುಳಿತು.

ಅಜ್ಜಯ್ಯನ ಹೆಂಡತಿ ಮರುಳಸಿದ್ದಮ್ಮ ಗಿರಣಿಯ ಹಿಂದಿನ ಸಾಲು ಮನೆಯಲ್ಲಿದ್ದಳು. ಅವಳನ್ನು ಅಲ್ಲಿಯವರೆಗೆ ಯಾರೂ ಏನೂ ಕೇಳಿರಲಿಲ್ಲ. ಹಯಾತ್ ಸಾಬನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವರಿಬ್ಬರೂ ದಿನಾ ಜಗಳ ಆಡುತ್ತಿದ್ದರು, ದಿನಾ ಒಟ್ಟಿಗೆ ಚಾ ಕುಡಿಯುತ್ತಿದ್ದರು ಎಂದಳು. ಗಂಡ ಕೆಲವು ದಿನದಿಂದ ಬೇರೆಯೇ ಒಂದು ವಿಷಯಕ್ಕೆ ತಲೆ ಕೆಡಿಸಿಕೊಂಡಿದ್ದ.

‘ಕೆಲವೊಂದು ಬೇಲು ಮುಟ್ಟಿದ್ರೆ ಜ್ವರ ಬಂದೋರ ಮೈ ಮುಟ್ಟಿದಂಗ ಆಗತೈತೆ ಅಂತಿದ್ರು. ಲೆಕ್ಕದ ಸಾಹೇಬ್ರಿಗೆ ಹೇಳೀನಿ, ನೋಡ್ತೀನಿ ಅಂದಾರ ಅಂದ್ರು.’

ಲೆಕ್ಕದ ಸಾಹೇಬ್ರು! ವಾಮದೇವಪ್ಪ ಗಿರಣಿಯ ಅಕೌಂಟೆಂಟನನ್ನು ಠಾಣೆಗೆ ಕರೆಸಿ ಅರ್ಧ ದಿನ ಕೂಡಿಸಿಕೊಂಡ. ಆ ಬಡಪಾಯಿ ಬೆಂಕಿಯ ದಿನ ಮಾಯಕೊಂಡದಲ್ಲಿ ತಂಗಿಯ ಮದುವೆಗೆ ನಿಂತು ಬಡಿಸುತ್ತಿದ್ದ. ಅರ್ಧ ಮಾಯಕೊಂಡ ಅದಕ್ಕೆ ಸಾಕ್ಷಿ. ಅಜ್ಜಯ್ಯನ ಜೊತೆ ತಾನು ಒಂದು ದಿನವೂ ಮಾತಾಡಿಲ್ಲ ಎಂದು ಬೆವರು ಒರೆಸಿಕೊಂಡ. ಅರ್ಧ ದಿನ ನೀರುಪಾಲಾಯಿತು.

ಆ ಹೊತ್ತಿಗೆ ಊರಿನ ಪತ್ರಿಕೆಯಲ್ಲಿ ಬಂದಿತ್ತು, ಗಣಿತವೇ ಹಿಡಿದುಕೊಟ್ಟ ಕೊಲೆಗಾರ ಎಂದು. ಠಾಣೆಯ ಪೇದೆಗಳೂ ತೊಂಬತ್ತೇಳು ತೊಂಬತ್ತೇಳು ಎನ್ನತೊಡಗಿದ್ದರು. ಹಯಾತ್ ಸಾಬನ ಹೆಂಡತಿ ಹಜೀರಾಬೀ ಊಟದ ಡಬ್ಬಿ ತಂದಾಗ ಒಬ್ಬ ಪೇದೆ ಅವಳಿಗೂ ಅದನ್ನೇ ಹೇಳಿದ. ಅವಳು ಡಬ್ಬಿ ಇಟ್ಟು ಹೋದಳು. ವಾಮದೇವಪ್ಪ ಆ ಪೇದೆಯನ್ನು ಬಿಸಿಲಿನಲ್ಲಿ ಟ್ರಾಫಿಕ್ ಕೆಲಸಕ್ಕೆ ಹಾಕಿ, ಗ್ರಾಫ್ ಹಾಳೆ ಕಂಕುಳಲ್ಲಿ ಇಟ್ಟುಕೊಂಡು ಪಿ.ಜೆ. ಬಡಾವಣೆಯ ಹಾದಿ ಹಿಡಿದ.

* * *

ಕಾಲೇಜಿನಲ್ಲಿ ಗಣಿತ ಹೇಳುವ ಸರ್ವಮಂಗಳಮ್ಮನವರು ಅಲ್ಲಿ ತಮ್ಮ ಮನೆಯ ವರಾಂಡದಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಮುಖ ಗಂಟಿಕ್ಕಿತ್ತು. ವಾಮದೇವಪ್ಪ ಹಾಳೆ ಕೊಟ್ಟ. ಅವರು ಕೂತಲ್ಲೇ ಓದಿದರು. ಮುಖ ಇನ್ನಷ್ಟು ಗಂಟಾಯಿತು.

‘ಏಳು ಚುಕ್ಕಿ, ಐದು ಕಾರಣ. ಇದನ್ನ ನೋಡಿ ಒಬ್ಬನ್ನ ಒಳಗೆ ಹಾಕೀರಾ?’

‘ತೊಂಬತ್ತೇಳು ಪರ್ಸೆಂಟ್ ಅಂದ್ರು ಮೇಡಂ.’

‘ಏನು ತೊಂಬತ್ತೇಳು? ಅವನು ಮಾಡಿರೋ ಸಾಧ್ಯತೆ ತೊಂಬತ್ತೇಳು ಅಂತಾನಾ? ಎಲ್ಲಿ ಬರೆದೈತೆ ಹಂಗೆ? ಗೆರೆ ಚುಕ್ಕಿಗಳ ಹತ್ರ ಹಾದು ಹೋಗೈತೆ. ಅಷ್ಟೇ ಅದರರ್ಥ.’

ಅವರು ಒಂದು ಉತ್ತರ ಪತ್ರಿಕೆಯ ಹಿಂಬದಿಯಲ್ಲೇ ಚುಕ್ಕಿ ಇಟ್ಟು ತೋರಿಸಿದರು. ಎರಡು ಗೂಟ ನೆಟ್ಟರೆ ನೆಟ್ಟಗಿನ ಒಂದು ಕೋಲು ಎರಡನ್ನೂ ಮುಟ್ಟುತ್ತದೆ. ಗೂಟ ಎಲ್ಲೇ ನೆಡಿ, ಮುಟ್ಟಿಯೇ ಮುಟ್ಟುತ್ತದೆ. ಅದರಲ್ಲಿ ಕೋಲಿನ ಹೆಚ್ಚುಗಾರಿಕೆ ಏನೂ ಇಲ್ಲ. ಒಂದೊಂದು ಕಾರಣ ಸೇರಿಸಿದಾಗಲೂ ಕೋಲಿಗೆ ಇನ್ನೊಂದು ಕಡೆ ಬಗ್ಗುವ ಅವಕಾಶ ಕೊಟ್ಟಂತೆ. ಏಳು ಗೂಟ, ಐದು ಕಾರಣ ಅಂದಮೇಲೆ ಅದು ಎಲ್ಲವನ್ನೂ ಸವರಿಕೊಂಡು ಹೋಗದೆ ಇನ್ನೇನು ಮಾಡೀತು?

ವಾಮದೇವಪ್ಪ ತಲೆಯಾಡಿಸಿದ. ಅರ್ಧ ಅರ್ಥವಾಗಿತ್ತು. ಅದು ಅವರಿಗೂ ತಿಳಿಯಿತು. ನಾಳೆ ಬನ್ನಿ ಎಂದು ಕಳಿಸಿದರು.

ಮರುದಿನ ಅವರ ಮೇಜಿನ ಮೇಲೆ ಕಾಲೇಜಿನ ಲೆಕ್ಕದ ಯಂತ್ರ ಇತ್ತು. ಹಿಡಿ ತಿರುಗಿಸಿ ಗುಣಾಕಾರ ಮಾಡುವಂಥದ್ದು. ತಿರುಗಿಸಿ ತಿರುಗಿಸಿ ಅವರ ಬಲಗೈ ನೋಯುತ್ತಿತ್ತು, ಅದಕ್ಕೂ ಸಿಟ್ಟು ಬಂದಿತ್ತು. ಅವರು ಹಯಾತ್ ಸಾಬನ ಲೋಡುಗಳನ್ನು ಲೆಕ್ಕದಿಂದ ತೆಗೆದುಹಾಕಿದ್ದರು. ಅದರ ಜಾಗಕ್ಕೆ, ಪ್ರತಿ ಬೆಂಕಿಯ ವಾರದಲ್ಲಿ ತಮ್ಮ ತರಗತಿಗೆ ಎಷ್ಟು ಹುಡುಗರು ಗೈರುಹಾಜರಾಗಿದ್ದರು ಎನ್ನುವುದನ್ನು ಹಾಕಿದ್ದರು.

‘ಹೊಂದಿಕೆ ತೊಂಬತ್ತಾರು ಬಂತು. ನನ್ನ ಕ್ಲಾಸಿಗೆ ಚಕ್ಕರ್ ಹೊಡೆದೋರನ್ನೆಲ್ಲ ಲಾಕಪ್ಪಿಗೆ ಹಾಕ್ತೀರೇನು?’

ಈಗ ಅವನಿಗೆ ಪೂರ್ತಿ ಅರ್ಥವಾಯಿತು. ಅವರು ಇನ್ನೊಂದು ಸಂಗತಿ ತೋರಿಸಿದರು. ಇಂಥ ಲೆಕ್ಕದಲ್ಲಿ ಪ್ರತಿ ಅಂಕಿಯ ಪಕ್ಕ ಅದು ಎಷ್ಟು ಅಲ್ಲಾಡಬಹುದು ಎನ್ನುವ ಅಳತೆ ಬರೆಯುತ್ತಾರೆ. ಅಂಕಿ ತನ್ನ ಅಲ್ಲಾಟಕ್ಕಿಂತ ಬಹಳ ದೊಡ್ಡದಾಗಿದ್ದರೆ ಮಾತ್ರ ಅದು ಬರಿ ಆಕಸ್ಮಿಕವಲ್ಲ ಎನ್ನಬಹುದು. ಏಳೇ ಚುಕ್ಕಿಗೆ ಐದು ಕಾರಣ ಹಚ್ಚಿದಾಗ ಹನ್ನೆರಡು ಪಟ್ಟಿಗೂ ಮೇಲೆ ಬೇಕು. ಲಾರಿಯ ಅಂಕಿ ಎರಡು ಪಟ್ಟೂ ಇರಲಿಲ್ಲ. ಕರಿಬಸವರಾಜನ ಹಾಳೆಯಲ್ಲಿ ಆ ಅಳತೆಯ ಸುಳಿವೇ ಇಲ್ಲ.

‘ಕಲಿಯದೋರು ಬಿಟ್ಟಿದ್ರೆ ಮರೆತರು ಅನ್ನಬಹುದಿತ್ತು,’ ಎಂದರು ಸರ್ವಮಂಗಳಮ್ಮ. ‘ಬೊಂಬಾಯಿಯಲ್ಲಿ ಓದಿದೋರು ಮರೆಯಲ್ಲ.’

ಹಾಗಾದರೆ ಹಯಾತ್ ಸಾಬ್ ನಿರಪರಾಧಿ ತಾನೇ ಎಂದು ವಾಮದೇವಪ್ಪ ಕೇಳಿದ. ಅದೂ ಗೊತ್ತಿಲ್ಲ ಎಂದರು ಅವರು. ಏಳು ಬೆಂಕಿಯ ಲೆಕ್ಕದಿಂದ ಯಾರ ವಿಷಯವೂ ಗೊತ್ತಾಗುವುದಿಲ್ಲ. ವಾಮದೇವಪ್ಪ ಟೋಪಿ ತೆಗೆದು ಕುರ್ಚಿಯ ಮೇಲೆ ಎಸೆದ. ಒಬ್ಬರು ಎಲ್ಲ ಗೊತ್ತು ಅಂತಾರೆ, ಇನ್ನೊಬ್ಬರು ಏನೂ ಗೊತ್ತಿಲ್ಲ ಅಂತಾರೆ, ನಡುವೆ ನಾನು ಯಾರಿಗೆ ಏನಂತ ಹೇಳಲಿ ಎಂದು ಗೊಣಗಿದ. ಆ ಸಿಟ್ಟಿನಲ್ಲೇ ಅಜ್ಜಯ್ಯ ಹೆಂಡತಿಗೆ ಹೇಳಿದ್ದ ಜ್ವರದ ಬೇಲಿನ ಮಾತನ್ನೂ ಹೇಳಿಬಿಟ್ಟ.

ಸರ್ವಮಂಗಳಮ್ಮ ಯಂತ್ರದ ಹಿಡಿಯಿಂದ ಕೈ ತೆಗೆದರು. ಬೇಲಿನೊಳಗೆ ಏನೋ ಕೆಟ್ಟದ್ದಿದ್ದರೆ ಬೆಂಕಿಗಾಗಿ ಕಾಯಬೇಕಿಲ್ಲ ಎಂದರು. ಆ ಹತ್ತಿ ನೂಲಾಗಿಯೂ ಹೊರಗೆ ಬರುತ್ತದೆ. ಗಿರಣಿಯಲ್ಲಿ ದಿನಾ ನೂಲಿನ ಗಟ್ಟಿತನ ಪರೀಕ್ಷೆ ಮಾಡುತ್ತಾರೆ. ಬೆಂಕಿ ಏಳೇ ಇರಬಹುದು, ಪರೀಕ್ಷೆಯ ಚೀಟಿ ನೂರಾರು ಇರುತ್ತವೆ.

* * *

ಚೀಟಿ ಕೊಡಲು ಕರಿಬಸವರಾಜನಿಗೆ ಮನಸ್ಸಿರಲಿಲ್ಲ. ಅದು ಗಿರಣಿಯ ಗುಟ್ಟು ಎಂದ. ತಮ್ಮ ಗಿರಣಿಯ ಪರೀಕ್ಷೆ ಎಷ್ಟು ಚೊಕ್ಕ ಎಂದು ಕಾಲೇಜಿನವರಿಗೂ ಗೊತ್ತಾಗಲಿ ಅಂತ ಕೆಂಚವೀರಪ್ಪನವರೇ ಕೊಡಿಸಿದರು.

ಚೀಟಿಗಳ ಕಟ್ಟನ್ನು ಕಟ್ಟುತ್ತಿರುವಾಗ ಕೆಲಸದವಳೊಬ್ಬಳು ಬಾಗಿಲಲ್ಲಿ ನಿಂತು, ನೂಲಿನ ಹೊಸ ಲಡಿ ಎಲ್ಲಿಡಲಿ ಲೆಕ್ಕದ ಸಾಹೇಬ್ರೆ ಎಂದು ಕರಿಬಸವರಾಜನನ್ನು ಕೇಳಿದಳು.

ವಾಮದೇವಪ್ಪ ತಲೆಯೆತ್ತಿದ. ಆಮೇಲೆ ಅವಳನ್ನು ಅಂಗಳದಲ್ಲಿ ಹಿಡಿದು ವಿಚಾರಿಸಿದ. ಗಿರಣಿಯ ಕೂಲಿಗಳೆಲ್ಲ ಕರಿಬಸವರಾಜನನ್ನು ಕರೆಯುವುದೇ ಹಾಗೆ. ಯಾವಾಗಲೂ ಲೆಕ್ಕ ಹಾಕುತ್ತಿರುತ್ತಾನಲ್ಲ. ಅಕೌಂಟೆಂಟನಿಗೆ ಬೇರೆ ಹೆಸರು, ಪಗಾರದ ಸಾಹೇಬ್ರು. ವಾಮದೇವಪ್ಪ ಹಣೆ ಚಚ್ಚಿಕೊಂಡ. ಮರುಳಸಿದ್ದಮ್ಮನ ಎದುರಿಗೇ ಇನ್ನೊಂದು ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿತ್ತು.

ಆದರೆ ಸತ್ತವನು ಹೆಂಡತಿಗೆ ಹೇಳಿದ್ದ ಮಾತು ಇಟ್ಟುಕೊಂಡು ಎಸ್.ಪಿ. ಅವರ ಮುಂದೆ ಹೋಗುವಂತಿಲ್ಲ. ಚೀಟಿಯ ಕಟ್ಟು ಎತ್ತಿಕೊಂಡು ಹೊರಟ.

ಸರ್ವಮಂಗಳಮ್ಮ ಚೀಟಿಗಳನ್ನು ಕೊನೆಯ ವರ್ಷದ ಹುಡುಗರಿಗೆ ಲೆಕ್ಕ ಮಾಡಲು ಹಂಚಿದರು. ಸುಮಾರು ಆರುನೂರು. ಹುಡುಗರು ತಪ್ಪು ಮಾಡಿದರು. ಅವರು ಬೈದು ಮತ್ತೆ ಮಾಡಿಸಿದರು. ಮತ್ತೆ ತಪ್ಪಾಯಿತು. ಅಷ್ಟರಲ್ಲಿ ಎಸ್.ಪಿ. ಅವರು ಚಾರ್ಜ್‌ಶೀಟ್ ಎಲ್ಲಿ ಎಂದು ದಿನಾ ಫೋನು ಮಾಡುತ್ತಿದ್ದರು. ವಾಮದೇವಪ್ಪ ಇಂದು ನಾಳೆ ಎನ್ನುತ್ತಿದ್ದ. ಫೋನಿನ ಗಂಟೆ ಕೇಳಿದರೆ ಸಾಕು, ಎದ್ದು ಹೊರಗೆ ಹೋಗತೊಡಗಿದ್ದ.

ಕೊನೆಗೆ ಸರ್ವಮಂಗಳಮ್ಮ ಹೇಳಿಕಳಿಸಿದರು. ವಾಮದೇವಪ್ಪ ಓಡಿದ. ಹೊಂದಿಕೆ ಎಷ್ಟು ಬಂತು ಎಂದು ಕೇಳಿದ.

‘ಏಳು.’

‘ಎಷ್ಟು?’

‘ನೂರಕ್ಕೆ ಏಳು.’

ವಾಮದೇವಪ್ಪ ಬಾಗಿಲಲ್ಲೇ ಕೂತುಬಿಟ್ಟ. ತೊಂಬತ್ತೇಳು ಸುಳ್ಳು ಎಂದು ಈ ತಾಯಿ ಒಪ್ಪಿಸಿದ್ದರು. ಈಗ ಏಳು ನಿಜ ಎಂದು ಯಾರಿಗೆ ಒಪ್ಪಿಸುವುದು? ಏಳನ್ನು ಹಿಡಿದುಕೊಂಡು ಚಿತ್ರದುರ್ಗಕ್ಕೆ ಹೋದರೆ ತನ್ನನ್ನೇ ಸಸ್ಪೆಂಡ್ ಮಾಡುತ್ತಾರೆ ಎಂದ.

‘ಪೂರ್ತಿ ಕೇಳ್ರಿ ಮೊದಲು,’ ಎಂದು ಅವರು ಗದರಿಸಿದರು. ‘ನೂಲು ಗಟ್ಟಿಯಾಗೋಕೆ, ಮೆದು ಆಗೋಕೆ ನೂರೆಂಟು ಕಾರಣ ಇರತಾವೆ. ಯಂತ್ರ, ಹವೆ, ನೂಲೋರ ಕೈ. ಎಲ್ಲ ಹಿಡಿಯೋಕೆ ನಮಗೆ ಆಗಿಲ್ಲ, ಅದಕ್ಕೇ ಹೊಂದಿಕೆ ಏಳು. ಆದರೆ ಒಂದು ಪ್ರೆಸ್ಸಿನ ಹತ್ತಿ ಬಂದಾಗೆಲ್ಲ ನೂಲು ಸ್ವಲ್ಪ ಮೆದು ಆಗೈತೆ. ಸ್ವಲ್ಪಾನೇ. ಆ ಅಂಕಿ ತನ್ನ ಅಲ್ಲಾಟದ ಆರು ಪಟ್ಟು ಐತೆ. ಇಷ್ಟೊಂದು ಚೀಟಿ ಇರೋವಾಗ ಎರಡು ಪಟ್ಟು ಇದ್ದರೂ ಸಾಕಿತ್ತು.’

ಪ್ರತಿ ಚೀಟಿಯ ಮೇಲೂ ಹತ್ತಿ ಯಾವ ಪ್ರೆಸ್ಸಿನದು, ಯಾವ ಲಾರಿಯಲ್ಲಿ ಬಂತು ಎಂದು ಬರೆದಿತ್ತು. ಲಾರಿ ಒಂದನ್ನೇ ಲೆಕ್ಕಕ್ಕೆ ಹಿಡಿದಾಗ ಹಯಾತ್ ಸಾಬನ ಮೇಲೆ ತಪ್ಪು ಬರುವಂತೆ ಕಾಣುತ್ತಿತ್ತು. ಪ್ರೆಸ್ಸಿನ ಹೆಸರು ಜೊತೆಗಿಟ್ಟ ಕೂಡಲೇ ಲಾರಿಯ ಅಂಕಿ ಕರಗಿ ಸೊನ್ನೆಗೆ ಬಂತು. ಅವನು ಹರಿಹರದ ಎರಡು ಪ್ರೆಸ್ಸುಗಳಿಂದ ಬೇಲು ತರುತ್ತಿದ್ದ. ಒಂದರ ಹತ್ತಿಯಲ್ಲಿ ಏನೂ ದೋಷವಿಲ್ಲ. ಇನ್ನೊಂದು ಏಕಾಂತಪ್ಪನ ಪ್ರೆಸ್ಸು.

‘ಲಾರಿ ಹೊತ್ತು ತಂದೈತೆ. ಹೊತ್ತಿಸಿಲ್ಲ.’

‘ಹಂಗಾದ್ರೆ ಏಕಾಂತಪ್ಪ...’

‘ಅದನ್ನ ನಾನು ಹೇಳಲ್ಲ. ಇದು ಆಕಸ್ಮಿಕ ಅಲ್ಲ ಅಂತ ಮಾತ್ರ ಲೆಕ್ಕ ಹೇಳತೈತೆ. ಯಾಕ ಅಂತ ಹೇಳಲ್ಲ. ಹೋಗಿ ಬೇಲು ಬಿಚ್ಚಿ ನೋಡ್ರಿ.’

ಅವನು ಎದ್ದ. ಅವರು ಮತ್ತೆ ಕರೆದರು. ಕರಿಬಸವರಾಜ ಬೆಂಕಿಯ ಲೆಕ್ಕಕ್ಕೆ ಗಾಳಿಯ ವೇಗವನ್ನೂ ಹಚ್ಚಿದ್ದಾನೆ. ತನ್ನದೇ ಚೀಟಿಯ ಮೇಲೆ ದಿನಾ ಬರೆಯುವ ಪ್ರೆಸ್ಸಿನ ಹೆಸರನ್ನು ಮಾತ್ರ ಹಚ್ಚಿಲ್ಲ. ಅದನ್ನೂ ಯೋಚನೆ ಮಾಡಿ ಎಂದರು.

* * *

ಏಕಾಂತಪ್ಪನ ಪ್ರೆಸ್ಸು ಹರಿಹರದಲ್ಲಿ ಹೊಳೆಯ ಕಡೆಗಿತ್ತು. ಹಿಂದುಗಡೆ ಅವನದೇ ಎಣ್ಣೆ ಮಿಲ್ಲು. ಅಗಸೆ, ಕುಸುಬೆ ಎಣ್ಣೆಯ ವಾಸನೆ ರಸ್ತೆಗೇ ಬರುತ್ತಿತ್ತು.

ವಾಮದೇವಪ್ಪ ಬೇಲಿನ ಮಾತು ಎತ್ತಲಿಲ್ಲ. ಹಯಾತ್ ಸಾಬನ ಬಗ್ಗೆ ವಿಚಾರಿಸಲು ಬಂದೆ ಎಂದ. ಏಕಾಂತಪ್ಪನಿಗೆ ಅಷ್ಟೇ ಬೇಕಿತ್ತು. ಹಯಾತ್ ಸಾಬನಂಥ ಬೇಜವಾಬ್ದಾರಿ ಮನುಷ್ಯ ಇಲ್ಲ ಎಂದು ಶುರುಮಾಡಿದ. ಗಿರಣಿ ಸುಟ್ಟ ದಿನ ಮಧ್ಯಾಹ್ನ ಬರುತ್ತೇನೆ ಅಂದವನು ಬರಲಿಲ್ಲ. ತಾನೇ ಹೋಗಿ ನೋಡಿದರೆ ಕುಲುಮೆಯ ಮುಂದೆ ಲಾರಿ ಎತ್ತಿ ನಿಲ್ಲಿಸಿಕೊಂಡು ಕೂತಿದ್ದಾನೆ. ದೀಪ ಹಚ್ಚುವ ಹೊತ್ತಿನವರೆಗೂ ಅಲ್ಲೇ ಇದ್ದ. ಬೇಲುಗಳು ಇಲ್ಲೇ ಅಂಗಳದಲ್ಲಿ ಉಳಿದವು. ಇವತ್ತಿಗೂ ಉಳಿದಿವೆ, ನೋಡ್ರಿ ಎಂದು ಕೈ ತೋರಿಸಿದ.

ಸಂಬಂಧಿಕನಲ್ಲದ, ಸ್ನೇಹಿತನೂ ಅಲ್ಲದ ಸಾಕ್ಷಿ. ವಾಮದೇವಪ್ಪ ಆ ಮಾತನ್ನು ಅಲ್ಲೇ ಬರೆಸಿಕೊಂಡು ಸಹಿ ಹಾಕಿಸಿದ. ಆಮೇಲೆ ಆ ಬೇಲುಗಳಲ್ಲಿ ಒಂದನ್ನು ಬಿಚ್ಚಲು ಹೇಳಿದ.

ಏಕಾಂತಪ್ಪ ಬ್ಯಾಡ್ರಿ ಎಂದ. ವಾಮದೇವಪ್ಪ ಪೇದೆಗೆ ಸನ್ನೆ ಮಾಡಿದ. ಕಬ್ಬಿಣದ ಪಟ್ಟಿ ಕತ್ತರಿಸಿದಾಗ ಬೇಲು ಉಬ್ಬಿತು. ಮೇಲೆ ಬೆಳ್ಳನೆಯ ಒಳ್ಳೆ ಹತ್ತಿ. ಒಂದು ಮೊಳ ಒಳಗೆ ಕೈ ಹಾಕಿದ ಪೇದೆ ಚಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡ. ನಡುವೆ ಕಂದು ಬಣ್ಣದ ಅಂಟು ಅಂಟಾದ ಮುದ್ದೆಗಳು. ಎಣ್ಣೆ ಮಿಲ್ಲಿನ ಯಂತ್ರ ಒರೆಸಿ ಎಸೆಯುವ ಹತ್ತಿ, ಗುಡಿಸಿ ತೆಗೆದ ಕಸರು. ತೂಕಕ್ಕೆ ಚೆನ್ನ. ಅದರಿಂದ ಸಣ್ಣಗೆ ಹಬೆ ಏಳುತ್ತಿತ್ತು.

ಎಣ್ಣೆ ಒರೆಸಿದ ಹತ್ತಿಯನ್ನು ರಾಶಿ ಹಾಕಿದರೆ ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ ಎಂದು ಎಣ್ಣೆ ಮಿಲ್ಲಿನ ಕೂಲಿಗಳಿಗೆಲ್ಲ ಗೊತ್ತು. ಅದಕ್ಕೇ ಅದನ್ನು ಬಯಲಿನಲ್ಲಿ ಹರಡುತ್ತಾರೆ. ಬಿಗಿದು ಕಟ್ಟಿ ಗೋದಾಮಿನಲ್ಲಿ ಒಟ್ಟಿದರೆ ಏನಾಗುತ್ತದೆ ಎಂದು ಯಾರೂ ಹೇಳಬೇಕಿಲ್ಲ. ಗೋದಾಮಿಗೆ ಏಳು ಸಲ ಯಾರೂ ಬೆಂಕಿ ಇಟ್ಟಿರಲಿಲ್ಲ. ಬೆಂಕಿ ಬೇಲಿನೊಳಗೇ ಇತ್ತು.

ಏಕಾಂತಪ್ಪ ಬಿಚ್ಚಿದ ಹತ್ತಿಯ ಮೇಲೆಯೇ ಕುಸಿದು ಕೂತ. ಇಂಥ ಬೇಲುಗಳನ್ನು ಪಾಸು ಮಾಡುತ್ತಿದ್ದವನು ಯಾರು ಎಂದು ಕೇಳಿದ್ದಕ್ಕೆ ಕೈಗಂಟಿದ ಎಣ್ಣೆಯನ್ನು ಧೋತರಕ್ಕೆ ಒರೆಸಿಕೊಂಡ. ಆಮೇಲೆ ಹೇಳಿದ. ಅದಕ್ಕೆ ಪ್ರತಿಯಾಗಿ ಹರಿಹರದಲ್ಲಿ ತಾನು ಕಟ್ಟಿಸಲಿದ್ದ ಹೊಸ ನೂಲಿನ ಗಿರಣಿಗೆ ಕರಿಬಸವರಾಜನೇ ಮ್ಯಾನೇಜರ್ ಎಂದು ಮಾತಾಗಿತ್ತು.

* * *

ಕೆಂಚವೀರಪ್ಪನವರ ಕಚೇರಿಯಲ್ಲಿ ಎಲ್ಲರೂ ಕೂತರು. ಸರ್ವಮಂಗಳಮ್ಮ ಕಿಟಕಿಯ ಹತ್ತಿರ. ಕರಿಬಸವರಾಜ ಅವರ ಎದುರಿಗೆ.

ವಾಮದೇವಪ್ಪ ಮೇಜಿನ ಮೇಲೆ ಎಣ್ಣೆ ಮುದ್ದೆ ಇಟ್ಟ. ಏಕಾಂತಪ್ಪ ಕೊಟ್ಟ ಎರಡು ಹೇಳಿಕೆಯನ್ನೂ ಓದಿದ. ಸಾಹುಕಾರರ ಮುಖ ಕಪ್ಪಿಟ್ಟಿತು. ಕರಿಬಸವರಾಜ ಮಾತ್ರ ಅಲುಗಲಿಲ್ಲ. ಗಂಟಲು ಸರಿಮಾಡಿಕೊಂಡು, ಏಕಾಂತಪ್ಪ ತನಗೂ ಮೋಸ ಮಾಡಿದ್ದಾನೆ ಎಂದ. ತಾನು ಪರೀಕ್ಷೆ ಮಾಡುವುದು ನೂಲನ್ನು, ಬೇಲು ಬಿಚ್ಚುವುದು ತನ್ನ ಕೆಲಸವಲ್ಲ. ಬೆಂಕಿ ಬಿದ್ದಾಗ ಪರೀಕ್ಷಾ ಕೊಠಡಿಯಲ್ಲಿದ್ದೆ. ಶಿಫ್ಟ್ ಬದಲಾಗುವ ಸೈರನ್ ಆಗುವವರೆಗೂ ಹೊರಗೆ ಬಂದಿಲ್ಲ ಎಂದ.

ಅಲ್ಲಾಟದ ಅಳತೆ ಏಕೆ ಬರೆಯಲಿಲ್ಲ ಎಂದು ಸರ್ವಮಂಗಳಮ್ಮ ಕೇಳಿದರು. ಸಾಹುಕಾರರಿಗೆ ಅರ್ಥವಾಗುವುದಿಲ್ಲ ಎಂದು ಬಿಟ್ಟೆ ಎಂದ. ಪ್ರೆಸ್ಸಿನ ಹೆಸರು? ಅದು ಮುಖ್ಯ ಅನಿಸಲಿಲ್ಲ. ಗಾಳಿಯ ವೇಗ ಮುಖ್ಯ ಅನಿಸಿತೋ ಎಂದು ಅವರು ಕೇಳಿದರು.

‘ಬೇಲು ಬಿಸಿ ಅದಾವು ಅಂತ ಅಜ್ಜಯ್ಯ ನಿಮಗೆ ಹೇಳಿದ್ನಂತಲ್ಲ,’ ಎಂದ ವಾಮದೇವಪ್ಪ.

ಕರಿಬಸವರಾಜನಿಗೆ ಆಗ ರೇಗಿತು. ಬಂದಾಗಿನಿಂದ ತಡೆದುಕೊಂಡಿದ್ದ.

‘ಕೂಲಿಯೋರು ನೂರು ಹೇಳ್ತಾರೆ. ಎಲ್ಲಾ ಕೇಳ್ಕೊಂಡು ಕೂಡ್ಲಾ? ಕಾವಲು ಕಾಯೋ ಕೆಲಸ ಬಿಟ್ಟು, ಹಮಾಲರ ಕೊಕ್ಕೆ ತಗೊಂಡು ತಾನೇ ಬೇಲು ಎಳೀತೀನಿ ಅಂತ ಒಳಗೆ ನುಗ್ಗಿದ್ರೆ ಅದಕ್ಕೆ ನಾನು ಹೊಣೆನಾ?’

ಸಾಹುಕಾರರು ಯಾವ ಕೊಕ್ಕೆ ಎಂದು ಕೇಳಿದರು.

ವಾಮದೇವಪ್ಪ ಗೋಣಿ ಬಿಚ್ಚಿದ. ಸುಟ್ಟು ಕಪ್ಪಾದ ಕೊಕ್ಕೆ ಮೇಜಿನ ಮೇಲೆ ಬಿತ್ತು. ಇದು ಹೆಣದ ಕೆಳಗೆ ಸಿಕ್ಕಿತ್ತು ಎಂದು ಹೇಳಿದ. ಇದನ್ನು ನೋಡಿದವರು ತಾನು ಮತ್ತು ಇಬ್ಬರು ಪಂಚರು. ಕಾವಲುಗಾರರು ಕೊಕ್ಕೆ ಹಿಡಿಯುವುದಿಲ್ಲ. ಅಜ್ಜಯ್ಯ ಆ ದಿನ ಕೊಕ್ಕೆ ಹಿಡಿದು ಒಳಗೆ ಹೋದ ಎನ್ನುವುದು ಗೊತ್ತಿರುವುದು, ಅವನು ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತಿದ್ದವನಿಗೆ ಮಾತ್ರ. ಒಳಗಿದ್ದವನು ಹೊರಗೆ ಬರಲಿಲ್ಲ. ಹೊರಗಿದ್ದವನು ಚಿಲಕ ಹಾಕಿದ.

ಕರಿಬಸವರಾಜ ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆ ಸರಿಸಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳತೊಡಗಿದ.

ನೂಲು ಮೆದುವಾಗುತ್ತಿರುವುದು ಅವನಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗಿತ್ತು. ಅದು ಇತರ ಏರುಪೇರುಗಳಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು, ಯಾರೂ ಹುಡುಕುವುದಿಲ್ಲ ಎಂದುಕೊಂಡಿದ್ದ. ಆ ಸಂಜೆ ಅಜ್ಜಯ್ಯ ‘ಬೇಲು ಹೊಗೆಯಾಡ್ತೈತೆ’ ಎಂದು ಪರೀಕ್ಷಾ ಕೊಠಡಿಗೆ ಓಡಿಬಂದಿದ್ದ. ಹಮಾಲರಿಗೆ ಕಾಯದೆ ತಾನೇ ಕೊಕ್ಕೆ ತೆಗೆದುಕೊಂಡು ಒಳಗೆ ಹೋದ. ಹಿಂದೆಯೇ ಬಂದ ಕರಿಬಸವರಾಜ ಬಾಗಿಲಲ್ಲೇ ನಿಂತ. ಬೇಲು ರಾಶಿಯಿಂದ ಅರ್ಧ ಹೊರಗೆ ಬಂದು ಒಡೆಯಿತು. ಒಳಗಿನ ಕಂದು ಮುದ್ದೆ ಬಾಗಿಲಿನವರೆಗೂ ಕಂಡಿತು. ಅದು ಅಂಗಳಕ್ಕೆ ಬಂದರೆ ಇಡೀ ಗಿರಣಿ ನೋಡುತ್ತದೆ. ಒಳಗೇ ಸುಟ್ಟುಹೋದರೆ ಯಾರೂ ನೋಡುವುದಿಲ್ಲ. ಅಷ್ಟೇ ಹೊಳೆದದ್ದು, ಚಿಲಕ ಹಾಕಿದೆ ಎಂದ. ಆಮೇಲೆ ಯಾರ ಮೇಲಾದರೂ ಹಾಕಬೇಕಾಯಿತು. ಬೇಲಿನ ಜೊತೆ ಯಾವಾಗಲೂ ಇರುತ್ತಿದ್ದದ್ದು ಲಾರಿ.

ಕೆಂಚವೀರಪ್ಪನವರು ಇನ್ನೂ ಆ ಗ್ರಾಫ್ ಹಾಳೆಯನ್ನು ಬಿಟ್ಟಿರಲಿಲ್ಲ. ಅದನ್ನು ನೋಡಿ, ಎಣ್ಣೆ ಮುದ್ದೆ ನೋಡಿ, ಹಂಗಾದ್ರೆ ಇದಕ್ಕೆ ಎಷ್ಟು ಪರ್ಸೆಂಟ್ ಅಂತ ಬರೆಯೋದು ಎಂದು ಕೇಳಿದರು.

‘ಇದಕ್ಕೆ ಪರ್ಸೆಂಟ್ ಇಲ್ಲ ಸಾವ್ಕಾರ್ರೆ,’ ಎಂದರು ಸರ್ವಮಂಗಳಮ್ಮ, ಚೀಲ ಎತ್ತಿಕೊಳ್ಳುತ್ತ. ‘ಅವರು ಬಾಯಿಬಿಟ್ಟು ಹೇಳಿದಾರೆ.’

* * *

ಹಯಾತ್ ಸಾಬನನ್ನು ಬಿಡಿಸಲು ಸಾಹುಕಾರರೇ ಠಾಣೆಗೆ ಬಂದರು. ನಾಳೆಯಿಂದ ಲಾರಿ ಕಳಿಸು ಎಂದರು. ಅವನು ಚಪ್ಪಲಿ ಹಾಕಿಕೊಳ್ಳುತ್ತ, ಬೇರೆಯವರನ್ನ ನೋಡ್ಕೊಳ್ರಿ ಎಂದಷ್ಟೇ ಹೇಳಿ ಹಜೀರಾಬೀಯ ಹಿಂದೆ ನಡೆದ. ವಾಮದೇವಪ್ಪನಿಗೆ ಕ್ಷಮೆ ಕೇಳಬೇಕೆನಿಸಿತ್ತು. ಮಾತು ಹೊರಡುವುದರೊಳಗೆ ಅವರು ರಸ್ತೆ ದಾಟಿದ್ದರು. ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ಎಸ್.ಪಿ. ಸಾಹೇಬರು ಅಭಿನಂದನೆ ಹೇಳಲು ಮಾಡಿದ್ದರು. ತಮಗೆ ಆ ತೊಂಬತ್ತೇಳರ ಮೇಲೆ ಮೊದಲಿನಿಂದಲೂ ಅನುಮಾನವಿತ್ತು ಎಂದರು. ವಾಮದೇವಪ್ಪ ಹೌದು ಸಾರ್ ಎಂದು ಫೋನು ಇಟ್ಟ.

ಸಾಲು ಮನೆಯಲ್ಲಿ ಮರುಳಸಿದ್ದಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಅವನು ಎಲ್ಲ ಹೇಳಿದ. ಬೇಲು, ಎಣ್ಣೆ, ಹರಿಹರ, ಲೆಕ್ಕದ ಸಾಹೇಬ. ಹೇಳಿ ಮುಗಿದ ಮೇಲೆ ಒಂದು ಮಾತು ಕೇಳಿದಳು.

‘ಬಾಗಿಲು ಬಡಿದಿರ್ತಾರಲ್ರಿ. ಯಾರಿಗೂ ಕೇಳಿಸಲಿಲ್ಲೇನ್ರಿ?’

ಯಂತ್ರಗಳ ಸದ್ದಿತ್ತು ಎನ್ನಬಹುದಿತ್ತು. ಶಿಫ್ಟಿನ ಸೈರನ್ ಆಗುವ ಹೊತ್ತು, ಯಾರಿಗೂ ಕೇಳಿಸಿರಲಿಕ್ಕಿಲ್ಲ ಎನ್ನಬಹುದಿತ್ತು. ಅದು ಬಹುಪಾಲು ನಿಜವೇ. ಕರಿಬಸವರಾಜ ಕೊನೆಯಲ್ಲಿ ಬರೆಸಿದ ಒಂದು ಸಾಲು ವಾಮದೇವಪ್ಪನ ಜೇಬಿನಲ್ಲಿತ್ತು.

‘ಒಬ್ಬನಿಗೆ ಕೇಳಿಸಿತ್ತಮ್ಮ,’ ಎಂದ.

ಅವಳು ತಲೆಯಾಡಿಸಿದಳು. ವಾಮದೇವಪ್ಪ ಅವಳ ಪಕ್ಕ ಕಟ್ಟೆಯ ಮೇಲೆ ಕೂತ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಳು ಮುಗಿಸುವವರೆಗೂ ಎದ್ದು ಹೋಗಲಿಲ್ಲ.